ಚೌಕದೊಳಗಿನ ಫೋಟೊ

ಮೊನ್ನೆ ಬೆಂಗಳೂರಿನ ಪೇಪರ್ ಆಫೀಸಿನಿಂದ ಒಂದು ಹುಡುಗಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಏಜೆಂಟ್ ಆಗಿದ್ದ ಬೈರಪ್ಪ ಅಂದರೆ ನೀವೇನಾ ಸರ್ ಎಂದಳು. ನಾನೇ ಕಣಮ್ಮ, ಇನ್ಯಾರಿರುತ್ತಾರೆ ಎಂದೆ. ಈಗಿನ ಹುಡುಗರು ಡಿಗ್ರಿ ಮುಗಿಸಿ ಫೋನಿನಲ್ಲೇ ಸುದ್ದಿ ನೋಡಿಕೊಳ್ಳುತ್ತಾರಂತೆ, ದುಡ್ಡು ಕೊಟ್ಟು ಓದಿ ಎಂದರೆ ಮುಖ ತಿರುಗಿಸುತ್ತಾರಂತೆ. ಅವರನ್ನು ಚಂದಾದಾರರನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂದು ಹಳೇ ಏಜೆಂಟರನ್ನು ಕೇಳಿಕೊಂಡು ಬಾ ಅಂತ ಅವಳನ್ನು ಕಳಿಸಿದ್ದಾರೆ. ಅವಳೇ ಒಂದು ಯೋಜನೆಯನ್ನೂ ತಂದಿದ್ದಳು. ಡಿಗ್ರಿ ಸರ್ಟಿಫಿಕೇಟ್ ತೋರಿಸಿದವರಿಗೆ ಮೊದಲ ವರ್ಷ ಅರ್ಧ ಬೆಲೆ.

ನನಗೆ ನಗು ತಡೆಯಲಾಗಲಿಲ್ಲ. ಅಯ್ಯೋ ನನ್ನ ತಾಯಿ, ಇದೇನು ಹೊಸದಾಗಿ ಕಂಡುಹಿಡಿದ ಹಾಗೆ ಹೇಳುತ್ತಿದ್ದೀಯಲ್ಲ, ಎಂಬತ್ತಾರನೇ ಇಸವಿಯಲ್ಲಿ ನಾವು ಇದನ್ನೇ ಮಾಡಿ ಮೈಕೈ ನೋಯಿಸಿಕೊಂಡಿದ್ದೇವೆ ಎಂದೆ. ಆ ಮಗು ಅದನ್ನು ಫೋನಿನಲ್ಲಿ ಗುರುತು ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೊರಟಿತು. ಕೂತು ಪೂರ್ತಿ ಕೇಳುವ ವ್ಯವಧಾನ ಯಾರಿಗಿದೆ ಈಗ? ವಯಸ್ಸಾದ ಮೇಲೆ ನನಗೆ ಸಿಟ್ಟು ಜಾಸ್ತಿಯಾಗಿದೆ ಎಂದು ನಮ್ಮ ಮನೆಯವಳು ಹೇಳುತ್ತಾಳೆ. ಸುಳ್ಳು. ಮೊದಲಿಂದಲೂ ಇಷ್ಟೇ ಇತ್ತು. ಇರಲಿ, ನೀವಾದರೂ ಕೂತಿದ್ದೀರಲ್ಲ, ಕೇಳಿ.

ಆಗಿನ ಬೆಳಗು ಅಂದರೆ ಬೆಳಗು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಪೇಪರ್ ವ್ಯಾನು ನಮ್ಮ ಸ್ಟ್ಯಾಂಡಿನ ಮುಂದೆ ವೇಗ ತಗ್ಗಿಸುತ್ತಿತ್ತು, ನಿಲ್ಲಿಸುತ್ತಿರಲಿಲ್ಲ. ಒಳಗಿದ್ದವನು ಬಂಡಲುಗಳನ್ನು ದೊಪ್ಪೆಂದು ರಸ್ತೆಗೆ ಎಸೆದು ಹೋಗುತ್ತಿದ್ದ. ಹಗ್ಗ ಕತ್ತರಿಸಿದರೆ ಒಳಗಿನ ಪೇಪರು ಇನ್ನೂ ಬೆಚ್ಚಗಿರುತ್ತಿತ್ತು. ಆ ಇಂಕಿನ ವಾಸನೆ, ಅತ್ತ ಕಡೆಯಿಂದ ಗೂಡಿನ ಮಾರುಕಟ್ಟೆಗೆ ಹೋಗುವ ಗಾಡಿಗಳ ರೇಷ್ಮೆಗೂಡಿನ ವಾಸನೆ, ಪಕ್ಕದಲ್ಲಿ ವಹಾಬನ ಅಂಗಡಿಯ ಟೀ ವಾಸನೆ, ಮೂರೂ ಸೇರಿ ಮೂಗಿಗೆ ಬಂದರೆ ನನಗೆ ಬೆಳಗಾಯಿತು ಅಂತ ಲೆಕ್ಕ. ಈಗಲೂ ಒಮ್ಮೊಮ್ಮೆ ಅದಕ್ಕಾಗಿ ಜೀವ ಹಂಬಲಿಸುತ್ತದೆ. ಹಳ್ಳಿಗಳ ಪೇಪರುಗಳನ್ನು ಒಂದೊಂದು ಸುರುಳಿ ಸುತ್ತಿ, ಆಯಾ ಊರಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟುಬಿಟ್ಟರೆ ಮುಗಿಯಿತು, ಅವರು ತಲುಪಿಸುತ್ತಿದ್ದರು.

ಡಿಗ್ರಿ ಮುಗಿಸಿ ಕೆಲಸ ಸಿಗದ ಹುಡುಗರಿಗೆಲ್ಲ ವಹಾಬನ ಟೀ ಅಂಗಡಿಯೇ ಆಫೀಸು. ವಹಾಬ ನನ್ನ ಹತ್ತಿರ ಕೊಳ್ಳುತ್ತಿದ್ದದ್ದು ಒಂದೇ ಪೇಪರು. ಹುಡುಗರು ಅದನ್ನು ಹಾಳೆ ಹಾಳೆ ಬಿಡಿಸಿ ಹಂಚಿಕೊಳ್ಳುತ್ತಿದ್ದರು. ಉದ್ಯೋಗದ ಜಾಹೀರಾತು ಒಬ್ಬನ ಕೈಯಲ್ಲಿ, ಕ್ರಿಕೆಟ್ಟು ಇನ್ನೊಬ್ಬನ ಕೈಯಲ್ಲಿ, ಮುಖಪುಟ ಯಾರಿಗೂ ಬೇಡ. ಅರ್ಧ ಟೀ ಕುಡಿದು ಇಡೀ ಪೇಪರು ಓದಿ ಎದ್ದು ಹೋಗುವವರು ಚಂದಾ ಯಾಕೆ ಕಟ್ಟುತ್ತಾರೆ? ಇದನ್ನು ನಾನು ಕಂಪನಿಯ ಸಾಹೇಬರಿಗೆ ಬಿಡಿಸಿ ಹೇಳಿದೆ. ನಮ್ಮ ಪೇಪರ್ ಹೆಸರು 'ನಾಡಗನ್ನಡಿ'. ಮಾರಾಟ ಹೆಚ್ಚಿಸಲು ಅಲ್ಲಿಂದ ಟೈ ಕಟ್ಟಿಕೊಂಡು ಒಬ್ಬರು ಸಾಹೇಬರು ಬರುತ್ತಿದ್ದರು. ಅವರ ವಾದವೇ ಬೇರೆ. ಡಿಗ್ರಿ ಮುಗಿಸಿದ ಹೊಸದರಲ್ಲೇ ಹುಡುಗರನ್ನು ಹಿಡಿಯಬೇಕು, ಈ ವಯಸ್ಸಿನಲ್ಲಿ ಅಂಟಿಕೊಂಡ ಪೇಪರನ್ನು ಮನುಷ್ಯ ಸಾಯುವ ತನಕ ಬಿಡುವುದಿಲ್ಲ, ನಾಳೆ ಇವರಿಗೆ ಕೆಲಸ ಸಿಗುತ್ತದೆ, ಮನೆ ಮಾಡುತ್ತಾರೆ, ಮಕ್ಕಳಾಗುತ್ತವೆ, ಆ ಮನೆಗಳಿಗೆಲ್ಲ ನಮ್ಮ ಪೇಪರೇ ಹೋಗುತ್ತದೆ ಅಂತ.

ಅದಕ್ಕೆ ಅವರು ಹೂಡಿದ ಉಪಾಯ ಇದು. ಹೊಸ ಪದವೀಧರರಿಗೆ ಒಂದು ವರ್ಷ ಅರ್ಧ ಬೆಲೆ. ಅದರ ಜೊತೆಗೆ, ಸೇರಿದವರ ಫೋಟೊ, ಹೆಸರು, ಡಿಗ್ರಿ, ಊರು, ಭಾನುವಾರದ ಜಿಲ್ಲಾ ಪುಟದಲ್ಲಿ 'ಹೆಮ್ಮೆಯ ಹೊಸ ಓದುಗರು' ಎಂಬ ತಲೆಬರಹದ ಕೆಳಗೆ. ಅರ್ಧ ಬೆಲೆಗೆ ಬಗ್ಗದ ಹುಡುಗರು ಫೋಟೊ ಅಂದ ಕೂಡಲೇ ಬಗ್ಗಿದರು. ಮುಕ್ತಿಯಾರ್ ಸ್ಟುಡಿಯೊದಲ್ಲಿ ಪದವಿ ಫೋಟೊಗೆ ಹಾಕುವ ಕರೀ ಗೌನು ಇದ್ದದ್ದು ಒಂದೇ. ಅದನ್ನೇ ಎಲ್ಲರೂ ಸರದಿ ಮೇಲೆ ಹಾಕಿಕೊಂಡು, ಕ್ರಾಪು ಸರಿಮಾಡಿಕೊಂಡು, ಫೋಟೊ ತೆಗೆಸಿಕೊಂಡರು. ಕುಳ್ಳನಿಗೂ ಅದೇ ಗೌನು, ಉದ್ದನೆಯವನಿಗೂ ಅದೇ ಗೌನು.

ಹಾಗೆ ಬಂದವರಲ್ಲಿ ಕೂಟಗಲ್ಲಿನ ಚೆಲುವಯ್ಯನೂ ಒಬ್ಬ. ಬಿ.ಎ. ಮಾಡಿದ್ದ. ಮೆತ್ತನೆಯ ಹುಡುಗ, ಆದರೆ ಒಳಗೊಳಗೇ ಹಟಮಾರಿ. ರೇಷ್ಮೆ ನೂಲು ತೆಗೆಯುವ ಅಕ್ಬರಿ ಬೇಗಂ ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದುಕೊಂಡು, ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದ. ಊರು ಬಸ್ಸಿನಲ್ಲಿ ಹೋದರೆ ಹತ್ತಿರವೇ, ಆದರೂ ಅವನು ಊರಿನ ಕಡೆ ತಲೆ ಹಾಕಿ ವರ್ಷದ ಮೇಲಾಗಿತ್ತು.

ಕಾರಣ ಊರಿಗೆಲ್ಲ ಗೊತ್ತು. ಅವನ ತಂದೆ ಬೋರಲಿಂಗಯ್ಯ ಕೂಟಗಲ್ಲಿನಲ್ಲಿ ಹಿಪ್ಪುನೇರಳೆ ತೋಟ ಮಾಡಿಕೊಂಡಿದ್ದ ಗಟ್ಟಿ ಕುಳ. ಗುಡೇಮಾರನಹಳ್ಳಿಗೆ ಕೊಟ್ಟಿದ್ದ ತಂಗಿಯ ಮಗಳನ್ನು ತನ್ನ ಮಗನಿಗೇ ತಂದುಕೊಳ್ಳುತ್ತೇನೆ ಎಂದು ಆ ಹೆಣ್ಣುಮಗು ತೊಟ್ಟಿಲಲ್ಲಿದ್ದಾಗಲೇ ಮಾತು ಕೊಟ್ಟಿದ್ದರು. ಚೆಲುವಯ್ಯನಿಗೆ ಇಷ್ಟವಿರಲಿಲ್ಲ. ಜೊತೆಯಲ್ಲಿ ಆಡಿ ಬೆಳೆದವಳು, ನನಗೆ ತಂಗಿಯ ಹಾಗೆ ಕಾಣುತ್ತಾಳೆ ಎಂದು ತಾಯಿಯ ಹತ್ತಿರ ಹೇಳಿಕೊಂಡಿದ್ದಾನೆ, ತಂದೆಯ ಮುಂದೆ ಬಾಯಿ ಬಂದಿಲ್ಲ. ಬಂದದ್ದು ವೀಳ್ಯಶಾಸ್ತ್ರದ ದಿನ, ಗುಡೇಮಾರನಹಳ್ಳಿಯಲ್ಲಿ, ಎರಡೂ ಕಡೆಯ ನೆಂಟರು ಚಾಪೆಯ ಮೇಲೆ ಕೂತು ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡ ಮೇಲೆ. ಒಲ್ಲೆ ಎಂದು ಎದ್ದುಬಿಟ್ಟ. ತಂಗಿಯ ಮನೆಯಲ್ಲಿ ತಲೆ ತಗ್ಗಿಸಬೇಕಾಗಿ ಬಂದ ಬೋರಲಿಂಗಯ್ಯ ಅಷ್ಟು ಜನರ ನಡುವೆ ಎದ್ದು ನಿಂತು, "ಇವತ್ತಿಂದ ನನ್ ಪಾಲ್ಗೆ ನೀನು ಸತ್ತೋದೆ ಕಣ್ಲಾ" ಅಂದರು. ಹುಡುಗ ಉಟ್ಟ ಬಟ್ಟೆಯಲ್ಲಿ ರಾಮನಗರಕ್ಕೆ ಬಂದ. ಆ ಹೆಣ್ಣುಮಗಳನ್ನು ಆಮೇಲೆ ಮಾಗಡಿ ಕಡೆಯ ಒಳ್ಳೆಯ ಮನೆಗೆ ಕೊಟ್ಟರು, ಅವಳು ಸುಖವಾಗಿಯೇ ಇದ್ದಳು. ಅಪ್ಪ ಮಗನ ಮಾತು ಮಾತ್ರ ನಿಂತೇ ಹೋಯಿತು.

ಇದೆಲ್ಲ ನನಗೆ ಹೇಗೆ ಗೊತ್ತು ಅಂದರೆ, ಚೆಲುವಯ್ಯನ ತಾಯಿ ಮಾಯಮ್ಮ ಗಂಡನ ಕಣ್ಣು ತಪ್ಪಿಸಿ ಕೂಟಗಲ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮಗನಿಗೆ ರಾಗಿಹಿಟ್ಟು, ಹುರುಳಿಕಾಳು, ಒಬ್ಬಟ್ಟು ಮಾಡಿದ ದಿನ ಒಬ್ಬಟ್ಟು ಕಳಿಸುತ್ತಿದ್ದರು. ಪೇಪರ್ ತೆಗೆದುಕೊಂಡು ಹೋಗುವ ಬಸ್ಸು, ಹಿಂದಿರುಗುವಾಗ ಗಂಟು ತಂದು ನನ್ನ ಅಂಗಡಿಯಲ್ಲಿ ಇಳಿಸುತ್ತಿತ್ತು. ಬೋರಲಿಂಗಯ್ಯನಿಗೆ ಇದು ಗೊತ್ತಿಲ್ಲ ಎಂದೇ ನಾವೆಲ್ಲ ನಂಬಿದ್ದೆವು.

ಫೋಟೊ ಕೊಡಲು ಬಂದ ದಿನ ಚೆಲುವಯ್ಯ ಬಹಳ ಹೊತ್ತು ಅಲ್ಲೇ ನಿಂತ. ಈ ಪೇಪರು ನಮ್ಮೂರಿಗೂ ಹೋಗುತ್ತದಾ ಎಂದು ಕೇಳಿದ. ಮುನಿಯಮ್ಮನ ಅಂಗಡಿಗೆ ಒಂದು ಹೋಗುತ್ತದೆ ಎಂದೆ. ಆಮೇಲೆ ಮುಖ ಅತ್ತ ತಿರುಗಿಸಿಕೊಂಡು, "ಅಪ್ಪ ಒಂದ್ಸತಿ ನೋಡಿದ್ರೆ ಒಸಿ ಕರಗ್ಬೋದು ಬೈರಣ್ಣ" ಎಂದ. ಅವನು ಚಂದಾ ಕಟ್ಟಿದ್ದು ಅರ್ಧ ಬೆಲೆಗಲ್ಲ, ಸುದ್ದಿಗೂ ಅಲ್ಲ. ಅಪ್ಪನ ಕಣ್ಣಿಗೆ ಬೀಳುವುದಕ್ಕೆ ಅವನಿಗೆ ಉಳಿದಿದ್ದ ದಾರಿ ಅದೊಂದೇ. ಸರಿ ಬಿಡು, ಚೆನ್ನಾಗಿ ಬರುತ್ತೆ ಎಂದು ಗದರಿಸಿ ಕಳಿಸಿದೆ.

ಭಾನುವಾರ ಪೇಪರ್ ಬಂತು. ಬೆಂಗಳೂರಿನ ಆಫೀಸಿನಲ್ಲಿ ಕೂತ ಪುಣ್ಯಾತ್ಮರು ಹುಡುಗರ ಒಂದೊಂದು ಫೋಟೊಕ್ಕೂ ಸುತ್ತ ಕಪ್ಪು ಗೆರೆಯ ಚೌಕ ಹಾಕಿದ್ದರು, ಅಂದವಾಗಿ ಕಾಣಲಿ ಅಂತ. ನನಗೂ ಅಂದವಾಗಿಯೇ ಕಂಡಿತು. ಪೇಪರಿನವನ ಕಣ್ಣಿಗೆ ಮೊದಲು ಬೀಳುವುದು ಅಕ್ಷರ. ಹಳ್ಳಿಯವರ ಕಣ್ಣಿಗೆ ಬೀಳುವುದು ಚೌಕ.

ಆ ಕಾಲದ ಕೂಟಗಲ್ಲಿನಲ್ಲಿ ಯಾರ ಫೋಟೊ ಪೇಪರಿನಲ್ಲಿ ಬರುತ್ತಿತ್ತು ಹೇಳಿ? ಊರಿನ ಹಳೇ ಪಟೇಲರದ್ದು ಬಂದಿತ್ತು, ಅವರು ಸತ್ತಾಗ. ಲಾರಿಗೆ ಸಿಕ್ಕಿದ ಒಬ್ಬ ಹುಡುಗನದ್ದು ಬಂದಿತ್ತು. ಇಬ್ಬರದ್ದೂ ಕಪ್ಪು ಚೌಕದೊಳಗೇ. ಕಪ್ಪು ಚೌಕದೊಳಗೆ ನಿಮ್ಮ ಮುಖ ಬಂತು ಎಂದರೆ ನೀವು ಹೋದಿರಿ ಎಂದೇ ಅರ್ಥ, ಅದಕ್ಕೆ ಯಾರೂ ಕೆಳಗಿನ ಸಾಲು ಓದಿ ಹೇಳಬೇಕಾಗಿರಲಿಲ್ಲ. ಮುನಿಯಮ್ಮ ಅಂಗಡಿಯಲ್ಲಿ ಪೇಪರ್ ಬಿಡಿಸಿದವಳೇ ಚೆಲುವಯ್ಯನ ಮುಖ ನೋಡಿ ಎದೆ ಬಡಿದುಕೊಂಡಳು. ಓದಿ ಹೇಳಬಹುದಾಗಿದ್ದ ಮೇಷ್ಟ್ರು ಭಾನುವಾರ ಅಂತ ತಮ್ಮ ಊರಿಗೆ ಹೋಗಿದ್ದರು. ಓದು ಬಲ್ಲ ಹುಡುಗರು ಓಡಿ ಬರುವಷ್ಟರಲ್ಲಿ, ತೋಟದಿಂದ ಬಂದ ಬೋರಲಿಂಗಯ್ಯ ಆ ಹಾಳೆಯನ್ನು ಕಿತ್ತುಕೊಂಡು, ಹೊರಟಿದ್ದ ಬಸ್ಸನ್ನು ಕೈ ಅಡ್ಡ ಹಾಕಿ ಹತ್ತಿಬಿಟ್ಟಿದ್ದರು. ಹಿಂದೆ ಮನೆಯಲ್ಲಿ ಮಾಯಮ್ಮನ ಅಳು ಶುರುವಾಗಿತ್ತು.

ನಾನು ಅಂಗಡಿಯಲ್ಲಿ ಕೂತಿದ್ದೆ. ಬೋರಲಿಂಗಯ್ಯ ಬಸ್ಸಿಳಿದು ನೆಟ್ಟಗೆ ನನ್ನ ಹತ್ತಿರವೇ ಬಂದರು. ಮಗನ ಗಂಟು ಎಲ್ಲಿ ಇಳಿಯುತ್ತದೆ ಎಂಬುದು ಅವರಿಗೆ ಮೊದಲಿಂದಲೂ ಗೊತ್ತಿತ್ತು ಎಂದು ನನಗೆ ಆಗ ಹೊಳೆಯಿತು. ಕೈಯಲ್ಲಿ ಪೇಪರು, ಕಾಲಲ್ಲಿ ತೋಟದ ಕೆಸರು. ನಾನು ಪೆದ್ದನ ಹಾಗೆ ಹಲ್ಲು ಕಿಸಿದು, ಏನು ಗೌಡ್ರೆ, ಮಗನ ಫೋಟೊ ನೋಡಿದ್ರಾ, ಸ್ವೀಟು ತರದೆ ಬರಿಗೈಯಲ್ಲಿ ಬಂದಿದ್ದೀರಲ್ಲ ಎಂದೆ.

"ಎಲ್ ಮಡಗವ್ರೆ?" ಎಂದರು.

ಏನನ್ನು ಎಂದೆ.

"ನನ್ ಮಗನ್ನ. ಆಸ್ಪತ್ರೇಲೋ, ಆ ರೂಮ್ತಾವೋ?"

ಪೇಪರ್ ಕಸಿದುಕೊಂಡು, ಅಯ್ಯೋ ಗೌಡ್ರೆ, ಇದು ಹಾಗಲ್ಲ, ನೋಡಿ ಇಲ್ಲಿ, ಹೊಸ ಓದುಗರು ಅಂತ ಹಾಕಿದ್ದಾರೆ, ನಿಮ್ಮ ಮಗ ಕಲ್ಲುಗುಂಡಿನ ಹಾಗಿದ್ದಾನೆ ಎಂದು ಗಟ್ಟಿಯಾಗಿ ಓದಿ ತೋರಿಸಿದೆ. ಅವರು ಕೇಳಿಸಿಕೊಂಡು ಸುಮ್ಮನೆ ತಲೆಯಾಡಿಸಿದರು. ನಂಬಿದರು ಅಂದುಕೊಂಡೆ. ಎಲ್ಲಿ ನಂಬುತ್ತಾರೆ! "ಓದಕ್ ಬರೋರೆಲ್ಲ ಇಂಗೇಯ ಯೋಳದು ಬೈರಪ್ಪ" ಎಂದರು.

ಅದು ಅವರ ತಪ್ಪಲ್ಲ, ನಮ್ಮ ಕಡೆ ಓದು ಬಂದವರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಪದ್ಧತಿ. ಹಳ್ಳಿಗೆ ತಂತಿ ಬಂದರೆ ಅದರಲ್ಲಿ ಏನೇ ಇರಲಿ, ಓದಿದವನು ಸತ್ತ ಸುದ್ದಿಯನ್ನು ಬಾಯಿಬಿಟ್ಟು ಹೇಳಬಾರದು. ಮೈಗೆ ಸ್ವಲ್ಪ ಹುಷಾರಿಲ್ಲವಂತೆ, ನೋಡಿಕೊಂಡು ಬರೋಣ ನಡೀರಿ ಎಂದು ಕರೆದುಕೊಂಡು ಹೋಗಬೇಕು. ದಾರಿಯಲ್ಲಿ ಟೀ ಕುಡಿಸಬೇಕು, ಬೆನ್ನು ಸವರಬೇಕು. ಊರು ತಲುಪಿ ಮನೆಯ ಮುಂದೆ ಬೆಂಕಿ ಹಾಕಿರುವುದನ್ನು ಕಂಡ ಮೇಲೆಯೇ ಗೊತ್ತಾಗಬೇಕು. ಬೋರಲಿಂಗಯ್ಯನ ಅಣ್ಣ ಸತ್ತಾಗಲೂ, ಅಪ್ಪ ಸತ್ತಾಗಲೂ ಹೀಗೇ ಆಗಿತ್ತು. ಓದು ಬಾರದವರ ಮುಂದೆ ಓದು ಬಂದವರು ಸಾವನ್ನು ಹೇಗೆ ಓದುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಹಾಗಾಗಿ ನಾನು ಬದುಕಿದ್ದಾನೆ ಬದುಕಿದ್ದಾನೆ ಎಂದು ಎಷ್ಟು ಒತ್ತಿ ಹೇಳಿದೆನೋ, ಅವರ ಮುಖ ಅಷ್ಟು ಕಪ್ಪಿಡುತ್ತಾ ಹೋಯಿತು.

ವಹಾಬ ಓಡಿ ಬಂದು ಟೀ ಕೊಟ್ಟ. ಕೊಡಬಾರದಾಗಿತ್ತು. ಲೋಟ ನೋಡಿದ ಕೂಡಲೇ ಅವರು ಅದನ್ನು ಮುಟ್ಟದೆ ಹಿಂದಕ್ಕೆ ಸರಿದರು. ಟೀ ಕುಡಿಸುತ್ತಿದ್ದಾರೆ ಅಂದ ಮೇಲೆ ಇನ್ನು ಅನುಮಾನವೇ ಇಲ್ಲ.

ಮಗನನ್ನೇ ಕಣ್ಣೆದುರು ನಿಲ್ಲಿಸಿದರೆ ಸರಿಹೋಗುತ್ತದೆ ಎಂದು ಅವರನ್ನು ಅಕ್ಬರಿ ಬೇಗಂ ಅವರ ಮನೆಗೆ ಕರೆದುಕೊಂಡು ಹೋದೆ. ಕೋಣೆಗೆ ಬೀಗ. ಬೇಗಂ ಹೊರಗೆ ಬಂದರು. ನೂಲು ತೆಗೆಯುವ ಒಲೆಯ ಹೊಗೆಯಲ್ಲಿ ಬೆಳಗಿನಿಂದ ಕೂತಿದ್ದವರು, ಎರಡು ಕಣ್ಣೂ ಕೆಂಡದ ಹಾಗೆ ಕೆಂಪಗಿದ್ದವು, ಸೆರಗಿನಿಂದ ಒರೆಸಿಕೊಳ್ಳುತ್ತಲೇ ಬಂದರು. ಹುಡುಗ ಕನಕಪುರಕ್ಕೆ ಹೋಗಿದ್ದಾನೆ, ಅಲ್ಲೊಂದು ಶಾಲೆಯಲ್ಲಿ ಮೇಷ್ಟ್ರ ಕೆಲಸಕ್ಕೆ ಕರೆದಿದ್ದಾರೆ, ಕಮಿಟಿಯವರಿಗೆ ಭಾನುವಾರವೇ ಬಿಡುವಂತೆ, ಸಾಯಂಕಾಲ ಬರುತ್ತಾನೆ ಎಂದರು. ಪಾಪ, ಇದ್ದದ್ದನ್ನೇ ಹೇಳಿದರು. ಬೋರಲಿಂಗಯ್ಯ ಕೇಳಿದ್ದು ಮಾತನ್ನಲ್ಲ, ನೋಡಿದ್ದು ಆ ಕಣ್ಣುಗಳನ್ನು. ಅಲ್ಲೇ ಜಗಲಿಯ ಕಂಬ ಹಿಡಿದುಕೊಂಡು ಕುಸಿದರು. ಬೇಗಂ ಗಾಬರಿಯಾಗಿ ಅವರ ಬೆನ್ನು ಸವರಿದರು. ನಾನು ಹಣೆ ಚಚ್ಚಿಕೊಂಡೆ.

ಇನ್ನು ಮಾತಾಡಿ ಉಪಯೋಗವಿಲ್ಲ ಎಂದು ಅವರನ್ನು ಬಸ್ ಸ್ಟ್ಯಾಂಡಿಗೆ ಕರೆತಂದು, ಕನಕಪುರದ ಬಸ್ಸು ನಿಲ್ಲುವ ಕಡೆ ಕೂರಿಸಿದೆ. ಆಗ ಶಾಲೆಗಳಲ್ಲಿ ಫೋನೂ ಇಲ್ಲ, ಏನೂ ಇಲ್ಲ. ಅಂಗಡಿಯನ್ನು ವಹಾಬನಿಗೆ ನೋಡಿಕೊಳ್ಳಲು ಹೇಳಿ ಪಕ್ಕದಲ್ಲೇ ಕೂತೆ. ಮಧ್ಯಾಹ್ನವಾಯಿತು. ಊಟ ಬೇಡ ಎಂದರು, ನೀರೂ ಬೇಡ ಎಂದರು. ಸೂತಕದವರು ಹೆಣ ಎತ್ತುವ ಮುಂಚೆ ಹೇಗೆ ಮುಟ್ಟುತ್ತಾರೆ? ಬೈಯಬೇಕು ಅನ್ನಿಸುವಷ್ಟು ಸಿಟ್ಟು ಬಂತು, ಅಳಬೇಕು ಅನ್ನಿಸುವಷ್ಟು ಸಂಕಟವೂ ಆಯಿತು. ಎರಡನ್ನೂ ಬಿಟ್ಟು ಬೀಡಿ ಹಚ್ಚಿಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಅವರೇ ಬಾಯಿಬಿಟ್ಟರು. "ನಾನೇ ಅಂದಿದ್ದೆ ಕಣಪ್ಪ. ಅಷ್ಟ್ ಜನದ್ ಮುಂದೆ ನಿಂತ್ಕಂಡು, ಸತ್ತೋದೆ ಅಂತ. ನನ್ ಮಾತು ಹತ್ಬುಡ್ತು. ಅವ್ನ್ ತಪ್ಪೇನಿತ್ತು, ಒಲ್ಲೆ ಅಂದ, ಅಷ್ಟೇಯ."

ಹಾಗೆ ಆಗೋದಿಲ್ಲ ಗೌಡ್ರೆ ಎಂದೇನೋ ಗೊಣಗಿದೆ. ಅಷ್ಟರಲ್ಲಿ ಕನಕಪುರದ ಬಸ್ಸು ಬಂತು. ಇಬ್ಬರೂ ಎದ್ದು ನಿಂತೆವು. ಮುದುಕರು ಇಳಿದರು, ಕೋಳಿ ಹಿಡಿದ ಹೆಂಗಸು ಇಳಿದಳು, ಕಾಲೇಜು ಹುಡುಗರು ಇಳಿದರು. ಚೆಲುವಯ್ಯ ಇಳಿಯಲಿಲ್ಲ. ಬೋರಲಿಂಗಯ್ಯ ತಲೆಯ ಮೇಲಿನ ಟವೆಲ್ ತೆಗೆದು ಬಾಯಿಗೆ ಒತ್ತಿಕೊಂಡರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನೂ ಹೆದರಿದೆ. ಬೆಳಗಿನಿಂದ ಬದುಕಿದ್ದಾನೆ ಎಂದು ಊರಿಗೆಲ್ಲ ಸಾರಿದವನಿಗೆ, ದಾರಿಯಲ್ಲಿ ಏನಾದರೂ ಆಗಿ, ಈ ಹಾಳು ಪೇಪರಿಗೆ ಮೊದಲೇ ಗೊತ್ತಾಗಿಬಿಟ್ಟಿತೇನೋ ಎಂಬ ಹುಚ್ಚು ಯೋಚನೆ ಬಂತು. ಮನೆದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮುಂದಿನ ಬಸ್ಸು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಚೆಲುವಯ್ಯ ಹಿಂದಿನ ಬಾಗಿಲಿನಿಂದ ಇಳಿದ, ಕಂಕುಳಲ್ಲಿ ಫೈಲು, ಇಸ್ತ್ರಿ ಮಾಡಿದ ಅಂಗಿಯೆಲ್ಲ ಮುದುಡಿತ್ತು. ತಂದೆಯನ್ನು ಕಂಡು ನಿಂತಲ್ಲೇ ನಿಂತ. ಫೋಟೊ ನೋಡಿ ಅಪ್ಪ ಕರಗಿ ಬಂದಿದ್ದಾರೆ ಎಂದು ಅವನ ಮುಖ ಅರಳಿದ್ದು ನನಗೆ ಕಾಣಿಸಿತು. ಅಪ್ಪಾ ಎಂದ. ಬೋರಲಿಂಗಯ್ಯ ಹತ್ತಿರ ಹೋಗಿ, ಸುರುಳಿ ಸುತ್ತಿದ್ದ ಪೇಪರಿನಿಂದ ಅವನ ಹೆಗಲಿಗೆ ಪಟಪಟನೆ ಬಾರಿಸಿದರು. ಬಸ್ ಸ್ಟ್ಯಾಂಡಿನವರೆಲ್ಲ ನೋಡುತ್ತಿದ್ದರು. ಬಾರಿಸಿ ಬಾರಿಸಿ ಕೈ ಸೋತ ಮೇಲೆ ಅವನ ತೋಳು ಹಿಡಿದು, ಹಿಸುಕಿ, ಗಟ್ಟಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಅಲ್ಲೇ ಕಟ್ಟೆಯ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟರು. ಹುಡುಗ ಕಂಗಾಲಾಗಿ ನನ್ನ ಮುಖ ನೋಡಿದ. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವನೂ ಅಪ್ಪನ ಕಾಲ ಬುಡದಲ್ಲಿ ಕೂತು ಅತ್ತ.

ಅತ್ತು ಮುಗಿದ ಮೇಲೆ ಬೋರಲಿಂಗಯ್ಯ ಕೇಳಿದ ಮೊದಲ ಮಾತು, "ಉಂಡ್ಯೇನ್ಲಾ?"

"ಇಲ್ಲ ಕಣಪ್ಪ."

ವಹಾಬ ಬನ್ನು, ಟೀ ತಂದಿಟ್ಟ. ಈ ಸಲ ಬೋರಲಿಂಗಯ್ಯ ಟೀ ಕುಡಿದರು. ಕುಡಿದು, ನುಗ್ಗುನುರಿಯಾಗಿದ್ದ ಹಾಳೆಯನ್ನು ತೊಡೆಯ ಮೇಲೆ ಹರಡಿ ಮಗನ ಕಡೆ ತಳ್ಳಿದರು. "ನೀನೇ ಓದು. ಇನ್ಯಾರ್ ಓದುದ್ರೂ ನಾನ್ ನಂಬಾಕಿಲ್ಲ."

ಹುಡುಗ ಕಣ್ಣೊರೆಸಿಕೊಂಡು ಬೆರಳಿಟ್ಟು ಓದಿದ. ಚೆಲುವಯ್ಯ, ಬಿ.ಎ., ತಂದೆ ಬೋರಲಿಂಗಯ್ಯ, ಕೂಟಗಲ್.

ನಾನು ಆಗಲೇ ಸರಿಯಾಗಿ ನೋಡಿದ್ದು. ಕಂಪನಿಯವರು ಕೇಳಿದ್ದು ಹೆಸರು, ಡಿಗ್ರಿ, ಊರು ಅಷ್ಟೇ. ಆ ಪುಟದಲ್ಲಿ ಬೇರೆ ಯಾವ ಹುಡುಗನ ಫೋಟೊ ಕೆಳಗೂ ತಂದೆಯ ಹೆಸರಿರಲಿಲ್ಲ. ಇವನೇ ಕೇಳಿಕೊಂಡು ಸೇರಿಸಿದ್ದ.

"ನನ್ನೆಸ್ರಾ?" ಎಂದರು ಬೋರಲಿಂಗಯ್ಯ. "ಎಲ್ಲೈತೆ, ತೋರ್ಸು."

ಹುಡುಗ ತೋರಿಸಿದ. ಅವರು ತಮ್ಮ ಹೆಬ್ಬೆಟ್ಟನ್ನು ಆ ಅಕ್ಷರಗಳ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ನಾನು ಎದ್ದು ಅತ್ತ ಹೋಗಿ ಸುಮ್ಮನೆ ಬಂಡಲ್ ಹಗ್ಗಗಳನ್ನು ಸುತ್ತಿಡತೊಡಗಿದೆ. ಆಮೇಲೆ ಅವರು, ನಿಮ್ಮವ್ವ ಅತ್ತು ಅತ್ತು ಸಾಯುತ್ತಿದ್ದಾಳೆ, ಎದ್ದೇಳು ಊರಿಗೆ ಹೋಗಾನ ಎಂದು ಮಗನನ್ನು ಎಬ್ಬಿಸಿಕೊಂಡು ಕೂಟಗಲ್ ಬಸ್ಸು ಹತ್ತಿದರು. ಹೊಸಲು ದಾಟುವ ಮುಂಚೆ ಮಾಯಮ್ಮ ಮಗನಿಗೆ ತಲೆಯ ಮೇಲೆ ನೀರು ಸುರಿದು, ದೃಷ್ಟಿ ತೆಗೆದು, ಆಮೇಲೆ ಒಳಗೆ ಬಿಟ್ಟುಕೊಂಡರಂತೆ. ಸುಳ್ಳು ಸಾವಿನ ಸುದ್ದಿ ಹಬ್ಬಿದವನಿಗೆ ಆಯಸ್ಸು ಜಾಸ್ತಿ ಎಂದು ಊರಿನ ಹೆಂಗಸರೆಲ್ಲ ಬಂದು ಅವನ ತಲೆ ನೇವರಿಸಿ ಹೋದರಂತೆ.

ಕಂಪನಿ ಸಾಹೇಬರು ಮುಂದಿನ ಸಲ ಬಂದಾಗ ನಾನು ಬೈದ ಬೈಗುಳಕ್ಕೆ ಅವರ ಟೈ ಸಡಿಲವಾಯಿತು. ಚೌಕ ತೆಗೆಸಿದರು. ಆದರೇನು, ವರ್ಷ ಮುಗಿದ ಮೇಲೆ ಹುಡುಗರು ಯಾರೂ ಚಂದಾ ಮುಂದುವರಿಸಲಿಲ್ಲ. ಕೆಲವರಿಗೆ ಕೆಲಸ ಸಿಕ್ಕಿತು, ಕೆಲವರು ಬಿಡದಿ ಕಡೆಯ ಕಾರ್ಖಾನೆಗಳಿಗೆ ಹೋದರು, ಉಳಿದವರು ವಹಾಬನ ಅಂಗಡಿಯಲ್ಲಿ ಮತ್ತೆ ಹಾಳೆ ಹಂಚಿಕೊಳ್ಳತೊಡಗಿದರು. ಚೆಲುವಯ್ಯನೂ ನಿಲ್ಲಿಸಿದ. ಅವನಿಗೆ ಆ ಕನಕಪುರದ ಶಾಲೆಯಲ್ಲೇ ಕೆಲಸವಾಗಿತ್ತು, ಪೇಪರನ್ನು ಶಾಲೆಯಲ್ಲೇ ಓದಿಕೊಳ್ಳುತ್ತಿದ್ದ. ವಾರ ವಾರ ಊರಿಗೆ ಬರುತ್ತಿದ್ದ. ಅವನೇ ನೋಡಿ ಒಪ್ಪಿದ ಹುಡುಗಿಯನ್ನು ತಂದೆ ಮುಂದೆ ನಿಂತು ಮದುವೆ ಮಾಡಿಸಿದರು.

ಸಾಹೇಬರಿಗೆ ಸಿಕ್ಕಿದ್ದು ಪದವೀಧರರಲ್ಲ, ಬೋರಲಿಂಗಯ್ಯ. ಆ ಭಾನುವಾರ ಕಳೆದ ಮೇಲೆ ಸೋಮವಾರವೇ ಅವರು ಬಸ್ಸಿಳಿದು ಬಂದು, ನನಗೂ ದಿನಾ ಒಂದು ಪೇಪರು ಕಳಿಸು ಎಂದಿದ್ದರು. ಓದಲು ಬಾರದವರಿಗೆ ಪೇಪರ್ ಯಾಕೆ ಗೌಡ್ರೆ, ಮಗ ಬದುಕಿರುವುದನ್ನು ಕಣ್ಣಾರೆ ಕಂಡಿರಲ್ಲ ಎಂದು ನಕ್ಕೆ. ಅವರು ನಗಲಿಲ್ಲ. ಕಳಿಸು ಎಂದರು, ಅಷ್ಟೇ. ಕೂಟಗಲ್ ಬಸ್ಸಿಗೆ ಅಂದಿನಿಂದ ಎರಡು ಪೇಪರು, ಒಂದು ಮುನಿಯಮ್ಮನ ಅಂಗಡಿಗೆ, ಒಂದು ಅವರ ಮನೆಗೆ. ಮಳೆ ಬರಲಿ, ರೇಷ್ಮೆಹುಳುವಿನ ಕೆಲಸ ಎಷ್ಟೇ ಇರಲಿ, ಒಂದು ದಿನವೂ ನಿಲ್ಲಿಸಲಿಲ್ಲ. ಸಾಯುವ ತನಕ ನಿಲ್ಲಿಸಲಿಲ್ಲ.

ಅವರು ತೀರಿಕೊಂಡಾಗ ನಾನು ಕೂಟಗಲ್ಲಿಗೆ ಹೋಗಿದ್ದೆ. ಮಾಯಮ್ಮ ನನ್ನನ್ನು ಕಂಡು ಅಳು ತಡೆದುಕೊಂಡು, ಇಷ್ಟು ವರ್ಷ ಇವರು ಪೇಪರ್ ಇಟ್ಟುಕೊಂಡು ಏನು ಮಾಡುತ್ತಿದ್ದರು ಗೊತ್ತಾ ಬೈರಪ್ನೋರೇ ಎಂದು ಹೇಳಿದರು. ಬೆಳಿಗ್ಗೆ ಬಸ್ಸು ಬಂದು ಪೇಪರ್ ಕೈಗೆ ಸಿಗುವ ತನಕ ಬಾಯಿಗೆ ನೀರೂ ಹಾಕುತ್ತಿರಲಿಲ್ಲವಂತೆ. ಜಗಲಿಯ ಮೇಲೆ ಕೂತು, ಒಂದೊಂದೇ ಹಾಳೆ ತಿರುವಿ, ಫೋಟೊಗಳನ್ನು ಮಾತ್ರ, ಅದರಲ್ಲೂ ಕಪ್ಪು ಚೌಕದೊಳಗಿನವನ್ನು, ಒಂದೊಂದಾಗಿ ಬೆರಳಿಟ್ಟು ನೋಡುತ್ತಿದ್ದರಂತೆ. ಕೊನೆಯ ಹಾಳೆ ಮುಗಿದ ಮೇಲೆ ಪೇಪರ್ ಮಡಿಸಿಟ್ಟು, ಒಳಗಿದ್ದ ಹೆಂಡತಿಗೆ ಕೂಗಿ ಹೇಳುತ್ತಿದ್ದರಂತೆ: "ಇವತ್ತಿಲ್ಲ ಕಣಮ್ಮಿ. ಉಣ್ಣಕ್ ಇಕ್ಕು."